ಅಕ್ಕನ ಮಾತ್ರೆ

ಫೆಬ್ರವರಿ ೪

ಅಕ್ಕಾ,

ಹೋದ ಭಾನುವಾರ ಫೋನಿನಲ್ಲಿ ನೀನು ಬೈದದ್ದು ಸರಿಯೇ. ‘ಹೂಂ’, ‘ಆಯ್ತು’ ಬಿಟ್ಟು ನನ್ನ ಬಾಯಿಂದ ಬೇರೇನೂ ಬರುವುದಿಲ್ಲ, ಇಬ್ಬರ ಪಾಲಿನ ಮಾತನ್ನೂ ನೀನೊಬ್ಬಳೇ ಆಡಬೇಕಾಗುತ್ತದೆ. ಅದಕ್ಕೇ ಹಾಸ್ಟೆಲಿನಲ್ಲಿದ್ದಾಗಿನ ಹಾಗೆ ಕಾಗದ ಹಿಡಿದು ಕೂತಿದ್ದೇನೆ. ಕಾಗದದಲ್ಲಾದರೆ ಇವನಿಗೆ ಬಾಯಿ ಬರುತ್ತದೆ ಅಂತ ನೀನೇ ಹೇಳುತ್ತಿದ್ದೆಯಲ್ಲ.

ಇಲ್ಲಿ ಎಲ್ಲ ಕ್ಷೇಮ. ಈಜುಕೊಳದ ನೀರು ಬಿಸಿಮಾಡುವ ಯಂತ್ರ ಕೆಟ್ಟು ಕೂತಿದೆ. ಬೆಳಗಿನ ಹೊತ್ತು ಬರುವ ಮುದುಕರು ಒಂದು ಕಾಲು ಅದ್ದುತ್ತಾರೆ, ಚೀರುತ್ತಾರೆ, ಅದು ನನ್ನದೇ ತಪ್ಪು ಅನ್ನುವ ಹಾಗೆ ನನ್ನನ್ನು ಬೈಯುತ್ತಾರೆ, ಆಮೇಲೆ ಇಳಿಯುತ್ತಾರೆ. ನಾನು ದಡದಲ್ಲೇ ನಿಂತು ಸೀಟಿ ಊದುತ್ತೇನೆ. ಈಚೆಗೆ ನೀರಿಗೆ ಇಳಿಯುವುದು ಕಡಿಮೆ. ಸ್ವಲ್ಪ ನೆಗಡಿ, ಅಷ್ಟೇ. ನೀನು ಇಟ್ಟ ‘ಕಪ್ಪೆ’ ಅನ್ನುವ ಹೆಸರಿಗೆ ನಾನೀಗ ಅಷ್ಟೇನೂ ಲಾಯಕ್ಕಲ್ಲ.

ನಿನ್ನ ತಮ್ಮನ ಹೆಂಡತಿಯೂ ಚೆನ್ನಾಗಿದ್ದಾಳೆ. ಕನ್ನಡಕದ ಅಂಗಡಿಯಲ್ಲಿ ಕೆಲಸ ಜಾಸ್ತಿ, ಮನೆಗೆ ಬಂದರೆ ಮಾತು ಕಡಿಮೆ. ಹೋದ ತಿಂಗಳು ಇಬ್ಬರೂ ಆಸ್ಪತ್ರೆಗೆ ಹೋಗಿ ಏನೋ ಸಣ್ಣಪುಟ್ಟ ಪರೀಕ್ಷೆ ಮಾಡಿಸಿಕೊಂಡು ಬಂದೆವು. ಗಾಬರಿಯಾಗುವಂಥದ್ದು ಏನಿಲ್ಲ.

ಅಂದ ಹಾಗೆ ಒಂದು ಮಾತು. ಆಪರೇಷನ್ ಆದಮೇಲೆ ನಿನಗೆ ದಿನಾ ಒಂದು ಸಣ್ಣ ಬಿಳಿ ಮಾತ್ರೆ ಕೊಟ್ಟಿದ್ದಾರಲ್ಲ, ಊಟದ ಮೇಜಿನ ಮೇಲೆ ಉಪ್ಪಿನ ಡಬ್ಬಿಯ ಪಕ್ಕದಲ್ಲಿ ಇಟ್ಟಿರುತ್ತೀಯಲ್ಲ, ಅದೇ. ನನಗೆ ಗೊತ್ತಿರುವವರೊಬ್ಬರಿಗೆ ಅದೇ ಮಾತ್ರೆ ಬರೆದುಕೊಟ್ಟಿದ್ದಾರೆ. ಅದನ್ನು ತೆಗೆದುಕೊಂಡರೆ ಏನಾಗುತ್ತದೆ? ಅದು ಒಳಗೆ ಮಾಡುವುದಾದರೂ ಏನು? ಅವರು ಕೇಳಿದರು, ಅದಕ್ಕೆ ಕೇಳುತ್ತಿದ್ದೇನೆ.

ನಿನ್ನ ಕಪ್ಪೆ


ಫೆಬ್ರವರಿ ೧೨

ಕಪ್ಪೆ,

ನಿನ್ನ ಕಾಗದ ಕೈಗೆ ಬಂದಾಗ ನಾನು ಮೇಣದಲ್ಲಿ ಒಂದು ಕೋರೆಹಲ್ಲು ಕೆತ್ತುತ್ತಾ ಇದ್ದೆ. ನಿವೃತ್ತ ಹೆಡ್‌ಮಾಸ್ಟರೊಬ್ಬರ ಮೇಲಿನ ಕಟ್ಟುಹಲ್ಲಿನ ಸೆಟ್ಟು. ಹಲ್ಲಿನ ಡಾಕ್ಟರು ಬಾಯಿಯ ಅಚ್ಚು ತೆಗೆದು ಕಳಿಸುವಾಗ ಜೊತೆಗೆ ಒಂದು ಚೀಟಿ ಇಟ್ಟಿದ್ದಾರೆ: ‘ನಕ್ಕರೆ ಚೆನ್ನಾಗಿ ಕಾಣಬೇಕಂತೆ.’ ಮಕ್ಕಳ ಮುಂದೆ ಒಂದು ದಿನವೂ ನಗದ ಮನುಷ್ಯನಿಗೆ ಈಗ ಯಾಕೆ ಈ ಆಸೆಯೋ! ಆದರೂ ಮಾಡಿಕೊಡುತ್ತೇನೆ. ನಗಲಿ ಪಾಪ.

ನಿನ್ನ ಪ್ರಶ್ನೆಗೆ ಉತ್ತರ. ನಮ್ಮ ಡಾಕ್ಟರಮ್ಮ ನನಗೆ ಹೇಳಿದ್ದನ್ನೇ ಹೇಳುತ್ತೇನೆ. ಮೈಯಲ್ಲಿ ಗಂಡು ಹಾರ್ಮೋನು, ಹೆಣ್ಣು ಹಾರ್ಮೋನು ಎರಡೂ ಎಲ್ಲರಲ್ಲೂ ಇರುತ್ತವಂತೆ. ಗಂಡಿನದನ್ನು ಹೆಣ್ಣಿನದಾಗಿ ಬದಲಾಯಿಸುವ ಒಂದು ಕೆಲಸ ಒಳಗೆ ನಡೆಯುತ್ತಲೇ ಇರುತ್ತದೆ, ಕೊಬ್ಬಿನಲ್ಲಿ ಇನ್ನೂ ಜಾಸ್ತಿ. ಈ ಮಾತ್ರೆ ಆ ಬದಲಾವಣೆಯನ್ನು ತಡೆಯುತ್ತದೆ. ನನ್ನ ಎದೆಯಲ್ಲಿ ಬಂದಿದ್ದ ಕ್ಯಾನ್ಸರ್ ಗಂಟು ಹೆಣ್ಣು ಹಾರ್ಮೋನನ್ನು ಉಂಡು ಬೆಳೆಯುವ ಜಾತಿಯದು. ಅದಕ್ಕೆ ಊಟ ನಿಲ್ಲಿಸುವುದೇ ಇದರ ಕೆಲಸ. ಐದು ವರ್ಷ ತೆಗೆದುಕೊಳ್ಳಬೇಕು.

ಏನಾಗುತ್ತದೆ ಅಂದರೆ, ಇದ್ದಕ್ಕಿದ್ದ ಹಾಗೆ ಮೈ ಬಿಸಿಯಾಗಿ ಬೆವರುತ್ತದೆ. ಬೆಳಿಗ್ಗೆ ಏಳುವಾಗ ಕೀಲುಗಳು ಸ್ವಲ್ಪ ಹಿಡಿದುಕೊಳ್ಳುತ್ತವೆ. ಮೂಳೆ ತೆಳ್ಳಗಾಗದ ಹಾಗೆ ನೋಡಿಕೊಳ್ಳಬೇಕು. ಇಷ್ಟೇ. ಒಂದು ದಿನವೂ ತಪ್ಪಿಸಬಾರದು ಅಂತ ಅವರಿಗೆ ಗಟ್ಟಿಯಾಗಿ ಹೇಳು.

ಆ ‘ಗೊತ್ತಿರುವವರು’ ಯಾರು ಅಂತ ನಾನು ಕೇಳುವುದಿಲ್ಲ. ಆದರೆ ಕಪ್ಪೆ, ಅವರ ಜೊತೆಯಲ್ಲಿ ಇರುವವರು ಧೈರ್ಯವಾಗಿರಬೇಕು. ಅದನ್ನೂ ಹೇಳು.

ಅಕ್ಕ


ಮಾರ್ಚ್ ೧

ಅಕ್ಕಾ,

ತಡವಾಯಿತು. ಅವರಿಗೆ ಎಲ್ಲ ಹೇಳಿದೆ. ನಿನಗೆ ಥ್ಯಾಂಕ್ಸ್ ಹೇಳಿದರು.

ಇಲ್ಲಿ ಹೇಳಿಕೊಳ್ಳುವಂಥದ್ದು ಏನಿಲ್ಲ. ಅವಳು ಈಗ ಮುಂದಿನ ಕೋಣೆಯಲ್ಲಿ ಮಲಗುತ್ತಾಳೆ, ನಿದ್ದೆ ಸರಿಯಾಗಿ ಬರುವುದಿಲ್ಲವಂತೆ. ಮೊನ್ನೆ ಸ್ನಾನದ ಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಅಳುತ್ತಿದ್ದಳು. ಹೊರಗೆ ಬಂದಮೇಲೆ ಕೇಳಿದರೆ ‘ಏನಿಲ್ಲ, ಸೋಪು ಕಣ್ಣಿಗೆ ಹೋಯ್ತು’ ಅಂದಳು. ನಾನೂ ಮುಂದೆ ಕೇಳಲಿಲ್ಲ. ಕೇಳಬೇಕಾಗಿತ್ತೋ ಏನೋ.

ಆ ಕೀಲು ನೋವು ಎಷ್ಟು ದಿನಕ್ಕೆ ಶುರುವಾಗುತ್ತದೆ?

ಕಪ್ಪೆ


ಮಾರ್ಚ್ ೮

ನನ್ನ ಕಪ್ಪೆ,

ನೀನು ಬಾಯಿಬಿಟ್ಟು ಹೇಳದಿದ್ದರೂ ನನಗೆ ಅರ್ಥವಾಗದಿರುತ್ತದೆಯೇ? ಅಮ್ಮ ಹೋದಮೇಲೆ ನಿನ್ನ ಸುಳ್ಳುಗಳನ್ನೆಲ್ಲ ಹಿಡಿದು ಹಾಕಿದವಳು ನಾನು. ಆಸ್ಪತ್ರೆ ಪರೀಕ್ಷೆ, ನನ್ನದೇ ಮಾತ್ರೆ, ಬೇರೆ ಕೋಣೆಯಲ್ಲಿ ಮಲಗುವುದು, ಸ್ನಾನದ ಮನೆಯಲ್ಲಿ ಅಳು. ನಾನೂ ಹೀಗೆ ನಲ್ಲಿ ಬಿಟ್ಟುಕೊಂಡೇ ಅತ್ತವಳು.

ನೀನು ಹೇಳಬೇಡ. ಅವಳು ಯಾರಿಗೂ ಹೇಳಬೇಡ ಅಂದಿರಬಹುದು, ಆ ಮಾತು ಉಳಿಸಿಕೋ. ಆದರೆ ನನ್ನ ಕೈ ಸುಮ್ಮನಿರಲಿಲ್ಲ. ಅವಳ ಅಂಗಡಿಯ ವಿಳಾಸಕ್ಕೇ ಒಂದು ಪಾರ್ಸೆಲ್ ಕಳಿಸಿದ್ದೇನೆ. ಮುಂದೆ ಗುಂಡಿ ಇರುವ ಮೆತ್ತನೆಯ ಅಂಗಿ ಮೂರು, ಕಂಕುಳ ಕೆಳಗೆ ಇಟ್ಟುಕೊಳ್ಳುವ ಪುಟ್ಟ ದಿಂಬು ಒಂದು. ಆಪರೇಷನ್ ಆದಮೇಲೆ ಕೈ ಎತ್ತಿ ಬಟ್ಟೆ ಹಾಕಿಕೊಳ್ಳುವುದು ಕಷ್ಟ. ನನಗೆ ಆಗ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಒಳಗೆ ಅವಳಿಗೆ ನಾಲ್ಕು ಸಾಲು ಬರೆದಿದ್ದೇನೆ.

ಅವಳ ಪಕ್ಕ ಬಿಡಬೇಡ. ಹೆದರಿದ ಮುಖ ತೋರಿಸಬೇಡ.

ಅಕ್ಕ


ಮಾರ್ಚ್ ೧೭

ಅಕ್ಕಾ! ಅಕ್ಕಾ!

ನಿನ್ನ ಪಾರ್ಸೆಲ್ ಬಂತು. ನಿನ್ನ ಕಾಗದಕ್ಕಿಂತ ಒಂದು ದಿನ ಮೊದಲೇ ಬಂತು. ಏನೇನಾಯಿತು ಅಂತ ಸರಿಯಾಗಿ ಹೇಳುತ್ತೇನೆ, ನಡುವೆ ನಿಲ್ಲಿಸದೆ ಓದು.

ಸಂಜೆ ಈಜುಕೊಳದಿಂದ ಬಂದಾಗ ಅವಳು ಅಡುಗೆಮನೆಯ ನೆಲದ ಮೇಲೆ ಕೂತಿದ್ದಳು. ಮಡಿಲಲ್ಲಿ ನಿನ್ನ ದಿಂಬು, ಕೈಯಲ್ಲಿ ನಿನ್ನ ಚೀಟಿ. ಅದರಲ್ಲಿ ನೀನು ಏನು ಬರೆದಿದ್ದೀಯ ನೆನಪಿದೆಯಾ? ‘ಒಂದು ಹೋದರೆ ನೀನೇನೂ ಕಡಿಮೆಯಾಗುವುದಿಲ್ಲ. ಮೊದಲ ಸಲ ಕನ್ನಡಿ ನೋಡಿಕೊಳ್ಳುವಾಗ ಪಕ್ಕದಲ್ಲಿ ಯಾರಾದರೂ ಬೇಕು ಅನಿಸಿದರೆ ಹೇಳು, ಓಡಿ ಬರುತ್ತೇನೆ.’

‘ನಂಗೇನಾಗಿದೆ?’ ಅಂದಳು.

‘ಏನಾಗಿದೆ?’ ಅಂದೆ ನಾನು, ದಡ್ಡನ ಹಾಗೆ.

‘ನನ್ನನ್ನೇ ಕೇಳ್ತೀಯಾ? ನಿಂಗೆ ಗೊತ್ತು, ಅಕ್ಕಂಗೆ ಗೊತ್ತು, ನಂಗೊಬ್ಬಳಿಗೇ ಗೊತ್ತಿಲ್ಲ. ಆವತ್ತು ರಿಪೋರ್ಟ್ ಇಸ್ಕೊಂಡು ಬಂದವನು ನೀನು. ಇಬ್ಬರದೂ ಸರಿ ಇದೆ ಅಂದೆ. ನಿಜ ಹೇಳು, ನಂಗೆ ಇನ್ನೆಷ್ಟು ದಿನ ಇದೆ?’

ಇನ್ನು ಮುಚ್ಚಿಡುವುದು ನನ್ನಿಂದಾಗಲಿಲ್ಲ.

‘ನಿಂಗೇನೂ ಆಗಿಲ್ಲ ಕಣೇ. ಆ ಮಾತ್ರೆ ನಂದು.’

‘ಯಾವ ಮಾತ್ರೆ?’

ಈಜುಡುಗೆಯ ಚೀಲದ ತಳದಿಂದ ಡಬ್ಬಿ ತೆಗೆದು ಕೊಟ್ಟೆ. ಅವಳು ಒಳಗಿನ ಕಾಗದ ಬಿಡಿಸಿದಳು. ಇರುವೆ ಸಾಲಿನಂಥ ಅಕ್ಷರ. ಅಂಥದ್ದನ್ನು ಜನರಿಂದ ಓದಿಸುವುದೇ ಅವಳ ಕೆಲಸವಲ್ಲವೇ, ಸರಸರ ಓದಿದಳು.

‘ಇದು ಮುಟ್ಟು ನಿಂತ ಹೆಂಗಸರಿಗೆ ಅಂತ ಬರೆದಿದೆ.’

‘ಹೌದು.’

‘ನಿಂಗ್ಯಾವಾಗ ನಿಂತಿತು?’

ಅಷ್ಟೇ. ಮೊದಲು ಅವಳು ನಕ್ಕಳು, ಆಮೇಲೆ ನಾನು. ನಗುತ್ತಾ ನಗುತ್ತಾ ಯಾವಾಗ ಅಳು ಶುರುವಾಯಿತೋ ಇಬ್ಬರಿಗೂ ಗೊತ್ತಾಗಲಿಲ್ಲ.

ಅವಳಿಗೆ ಹೇಳಿದ್ದನ್ನೇ ನಿನಗೂ ಹೇಳುತ್ತೇನೆ. ನಾವು ಮಗುವಿಗಾಗಿ ಕಾಯುತ್ತಿದ್ದೇವೆ, ಮೂರು ವರ್ಷವಾಯಿತು. ನಿನಗೂ ಹೇಳಿರಲಿಲ್ಲ. ಎರಡು ವರ್ಷದಿಂದ ನನಗೆ ಸುಸ್ತು, ಹೊಟ್ಟೆ ಬರುತ್ತಾ ಇತ್ತು, ಯಾವುದರಲ್ಲೂ ಮನಸ್ಸಿಲ್ಲ, ಅವಳಲ್ಲೂ. ಜಿಮ್ಮಿನ ತರಬೇತುದಾರನೊಬ್ಬ ‘ನಿಮಗೆ ಗಂಡು ಹಾರ್ಮೋನು ಕಮ್ಮಿ ಆಗಿರ್ಬೇಕು ಸರ್’ ಅಂತ ಇಂಜೆಕ್ಷನ್ ಕೊಡಿಸಿದ. ನಾಲ್ಕು ತಿಂಗಳು ಹುಲಿಯ ಹಾಗೆ ಓಡಾಡಿದೆ. ಆಮೇಲೆ ಎದೆ ಊದಿಕೊಂಡಿತು. ಹೌದು, ಹೆಂಗಸರ ಹಾಗೆ. ಮುಟ್ಟಿದರೆ ನೋವು. ನೆಗಡಿ ಅಂತ ಬರೆದದ್ದು ಸುಳ್ಳು, ಅಂಗಿ ತೆಗೆಯಲು ನಾಚಿಕೆಯಾಗಿ ದಡದಲ್ಲಿ ನಿಲ್ಲುತ್ತಿದ್ದೆ. ಮಗುವಾಗಲಿ ಅಂತ ಜನವರಿಯಲ್ಲಿ ಆಸ್ಪತ್ರೆಯಲ್ಲಿ ಇಬ್ಬರದೂ ಪರೀಕ್ಷೆ ಆಯಿತಲ್ಲ, ಅದರಲ್ಲಿ ನನ್ನ ವೀರ್ಯಾಣು ಸೊನ್ನೆ. ಹೊರಗಿನಿಂದ ಹಾರ್ಮೋನು ಬಂದರೆ ಮೈ ತನ್ನ ಕೆಲಸವನ್ನೇ ನಿಲ್ಲಿಸಿಬಿಡುತ್ತದಂತೆ.

ಅಲ್ಲಿನ ಡಾಕ್ಟರು ಇಂಜೆಕ್ಷನ್ ಬಿಡಿಸಿದರು. ‘ನಿಮ್ಮ ಮೈಯಲ್ಲಿ ಇರೋ ಗಂಡು ಹಾರ್ಮೋನು ಬೇಕಾದ್ದಕ್ಕಿಂತ ಜಾಸ್ತಿ ಹೆಣ್ಣಿನದಾಗಿ ಬದಲಾಗ್ತಾ ಇದೆ. ಅದನ್ನ ತಡೆದರೆ ತಲೆಯಿಂದ ಕೆಳಗೆ ಮತ್ತೆ ಸುದ್ದಿ ಹೋಗಬಹುದು, ಕೆಲಸ ಶುರುಮಾಡು ಅಂತ’ ಅಂದರು. ‘ಗಂಡಸರಿಗೆ ಅಂತ ಈ ಡಬ್ಬಿ ಮೇಲೆ ಬರೆದಿಲ್ಲ. ಕೆಲವರಿಗೆ ಕೊಡ್ತೀವಿ, ಕೆಲವರಿಗೆ ಫಲ ಸಿಕ್ಕಿದೆ, ಆದ್ರೆ ಇದರ ಬಗ್ಗೆ ನಡೆದಿರೋ ಅಧ್ಯಯನ ಕಮ್ಮಿ. ಭರವಸೆ ಕೊಡಲ್ಲ, ಪ್ರಯತ್ನ ಮಾಡೋಣ’ ಅಂತ ನೇರವಾಗಿ ಹೇಳಿದರು. ಮನೆಗೆ ಬಂದು ಒಳಗಿನ ಕಾಗದ ಓದಿದಾಗ ನಿನ್ನ ಊಟದ ಮೇಜು ಕಣ್ಣ ಮುಂದೆ ಬಂತು. ಇವಳಿಗೆ ಹೇಳಲು ನಾಲಗೆ ಹೊರಳಲಿಲ್ಲ.

‘ಮೂರು ತಿಂಗಳಿಂದ ಮುಖ ಕೊಟ್ಟು ಮಾತಾಡಿಲ್ಲ ನೀನು,’ ಅಂದಳು. ‘ಬೇರೆ ಯಾರೋ ಇದ್ದಾರೆ ಅಂದ್ಕೊಂಡಿದ್ದೆ.’

‘ಇದ್ದಿದ್ರೆ ಇಷ್ಟು ನಾಚಿಕೆ ಆಗ್ತಿರಲಿಲ್ಲ.’

ನಿನ್ನ ದಿಂಬು ತೆಗೆದುಕೊಂಡು ಚೆನ್ನಾಗಿ ಬಾರಿಸಿದಳು. ಈಗ ಅವಳ ಹಾಸಿಗೆ ಮುಂದಿನ ಕೋಣೆಯಲ್ಲಿಲ್ಲ.

ನಿನ್ನ ಕಪ್ಪೆ


ಮಾರ್ಚ್ ೨೫

ಲೋ ಕಪ್ಪೆ,

ನಿನ್ನ ಕಾಗದವನ್ನು ಮೂರು ಸಲ ಓದಿದೆ. ಮೊದಲ ಸಲ ಅವಳಿಗೆ ಏನೂ ಇಲ್ಲವಲ್ಲ ಅಂತ ಕುರ್ಚಿಯಲ್ಲೇ ಕುಸಿದೆ. ಎರಡನೆಯ ಸಲ ನಿನಗೆ ಬೈದೆ, ಗಟ್ಟಿಯಾಗಿಯೇ ಬೈದೆ, ಕೆಳಗಿನ ಮನೆಯವರು ‘ಯಾರ್ ಬಂದಿದ್ದಾರೆ?’ ಅಂತ ಕೇಳಿದರು. ಮೂರನೆಯ ಸಲ ‘ನಿಂಗ್ಯಾವಾಗ ನಿಂತಿತು’ ಅನ್ನುವಲ್ಲಿಗೆ ಬಂದು ನಗಲು ಶುರುಮಾಡಿದವಳು ಇನ್ನೂ ನಗುತ್ತಿದ್ದೇನೆ. ಎಂಥ ಹುಡುಗಿಯನ್ನು ಕಟ್ಟಿಕೊಂಡಿದ್ದೀಯೋ!

ಎದೆಯ ವಿಷಯ. ನನ್ನಿಂದ ತೆಗೆದದ್ದನ್ನು ನಿನಗೆ ಯಾವಾಗ ಹಚ್ಚಿದರು? ಹೇಳಿದ್ದರೆ ವಾಪಸ್ ಕೇಳುತ್ತಿದ್ದೆ. ಬೇಜಾರು ಮಾಡಿಕೊಳ್ಳಬೇಡ. ಇದನ್ನು ಇಟ್ಟುಕೊಂಡು ನಗಲು ಹಕ್ಕಿರುವವರು ಈ ಭೂಮಿಯ ಮೇಲೆ ನಾವಿಬ್ಬರೇ. ನಗೋಣ. ನಾಲ್ಕು ಜನರ ಮುಂದೆ ಬಟ್ಟೆ ಬದಲಾಯಿಸುವ ಕಡೆ ಮೂಲೆ ಹುಡುಕುವುದು ಹೇಗಿರುತ್ತದೆ ಅಂತ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಮಾತ್ರೆ ಸರಿಯಾಗಿ ತೆಗೆದುಕೋ. ಹೊಟ್ಟೆ ಕರಗಿಸು. ಆ ಜಿಮ್ಮಿನವನ ಕಡೆ ತಲೆ ಹಾಕಬೇಡ.

ಅಕ್ಷರ ಸೊಟ್ಟಗಿದ್ದರೆ ನಗುವಿನಿಂದ ಕೈ ನಡುಗಿದ್ದು ಅಂತ ತಿಳಿದುಕೋ.

ಅಕ್ಕ


ಜೂನ್ ೧೦

ಅಕ್ಕಾ,

ರಕ್ತ ಪರೀಕ್ಷೆಯ ಫಲಿತಾಂಶ ಬಂತು. ಗಂಡು ಹಾರ್ಮೋನು ಮೊದಲಿನ ಎರಡರಷ್ಟಾಗಿದೆ, ಹೆಣ್ಣಿನದು ಇಳಿದಿದೆ. ವೀರ್ಯಾಣು ಇನ್ನೂ ಇಲ್ಲ, ಅದಕ್ಕೆ ತಿಂಗಳುಗಟ್ಟಲೆ ಹಿಡಿಯುತ್ತದಂತೆ. ‘ಇಂಜೆಕ್ಷನ್ ಬಿಟ್ಟಿದ್ದರಿಂದ ಆದದ್ದೆಷ್ಟು, ಮಾತ್ರೆಯಿಂದ ಎಷ್ಟು ಅಂತ ನಾನು ಬಿಡಿಸಿ ಹೇಳಲಾರೆ’ ಅಂದರು ಡಾಕ್ಟರು. ಇಂಥ ಡಾಕ್ಟರನ್ನು ಕಂಡರೆ ನನಗೆ ನಂಬಿಕೆ.

ಹೇಗನಿಸುತ್ತದೆ ಅಂದರೆ, ಬೆಳಿಗ್ಗೆ ಎದ್ದಾಗ ದಿನ ಬೇಕು ಅನಿಸುತ್ತದೆ. ಹೋದ ವಾರ ಇವಳ ಅಂಗಡಿಯ ಮುಂದೆ ಸುಮ್ಮನೆ ನಿಂತು, ಅವಳು ಒಬ್ಬ ಮುದುಕಿಯ ಮೂಗಿನ ಮೇಲೆ ಕನ್ನಡಕ ಕೂರಿಸುವುದನ್ನು ನೋಡಿದೆ. ಕಣ್ಣೆತ್ತಿದವಳು ನಾಚಿಕೊಂಡಳು. ಮದುವೆಯಾಗಿ ಎಂಟು ವರ್ಷವಾಗಿದೆ! ಬಾಕಿಯದನ್ನು ಅಕ್ಕನಿಗೆ ಬರೆಯಲಾಗುವುದಿಲ್ಲ.

ಆದರೆ ಕೈ ಬೆರಳು, ಮೊಣಕಾಲು ಹಿಡಿದುಕೊಂಡಿವೆ. ಬೆಳಿಗ್ಗೆ ಸೀಟಿಯ ದಾರವನ್ನು ಕುತ್ತಿಗೆಗೆ ಹಾಕಿಕೊಳ್ಳಲೂ ಕಷ್ಟ. ನಿನಗೂ ಹೀಗೆಯೇ ಆಗುತ್ತದಾ? ‘ಸ್ವಲ್ಪ’ ಅಂತ ಬರೆದಿದ್ದೆ. ಇದು ಸ್ವಲ್ಪವಾ?

ನೀನು ಎರಡು ತಿಂಗಳಿಂದ ಬರೆದೇ ಇಲ್ಲ. ಸಿಟ್ಟು ಬಂದಿದೆಯಾ?

ಕಪ್ಪೆ


ಜೂನ್ ೧೯

ಕಪ್ಪೆ,

ಸಿಟ್ಟೆಲ್ಲಿಂದ ಬಂತು, ಕೆಲಸ ಜಾಸ್ತಿ ಅಷ್ಟೇ. ಹೆಡ್‌ಮಾಸ್ಟರು ತಮ್ಮ ನಗು ಊರಿಗೆಲ್ಲ ತೋರಿಸಿಕೊಂಡು ಬಂದಿದ್ದಾರೆ, ಅದಾದ ಮೇಲೆ ಹೋಟೆಲಿನ ಮುಂದೆ ಸಾಲು ನಿಂತ ಹಾಗೆ ನನಗೆ ಅಚ್ಚುಗಳು ಬರುತ್ತಿವೆ.

ಬೆರಳಿಗೆ ಬೆಳಿಗ್ಗೆ ಎದ್ದ ತಕ್ಷಣ ಬಿಸಿನೀರು. ಒಂದೊಂದೇ ಬೆರಳು ಮಡಚಿ ಬಿಚ್ಚು. ಡಾಕ್ಟರಿಗೆ ಹೇಳು. ನನಗೆ ಈಗ ನೋವೇ ಇಲ್ಲ. ನೋಡು, ಈ ಅಕ್ಷರ ಹೇಗಿದೆ! ಶಾಲೆಯಲ್ಲಿ ಬಹುಮಾನ ಬಂದಾಗಿನ ಹಾಗಿದೆ. ಮೊನ್ನೆ ಅಕ್ಕಿಕಾಳಿಗಿಂತ ಸಣ್ಣದಾದ ಒಂದು ಹಾಲುಹಲ್ಲಿನ ಮಾದರಿ ಕೆತ್ತಿದೆ, ಕೈ ಒಂದಿಷ್ಟೂ ಅಲುಗಲಿಲ್ಲ.

ನಿನ್ನ ರಿಪೋರ್ಟ್ ಕೇಳಿ ಸಂತೋಷವಾಯಿತು. ಅವಳಿಗೆ ನನ್ನ ಮುತ್ತು.

ಅಕ್ಕ


ಜುಲೈ ೧೬

ಅಕ್ಕಾ,

ಈ ಕಾಗದ ಬರೆಯುವಾಗ ನನ್ನ ಕೈ ಚೆನ್ನಾಗಿದೆ. ಯಾಕೆ ಗೊತ್ತಾ?

ಈಜು ತಂಡವನ್ನು ಕರೆದುಕೊಂಡು ಬೇರೆ ಊರಿಗೆ ಶಿಬಿರಕ್ಕೆ ಹೋಗಿದ್ದೆ, ಎರಡು ವಾರಕ್ಕಿಂತ ಹೆಚ್ಚು. ಮಾತ್ರೆಯ ಡಬ್ಬಿ ಮನೆಯಲ್ಲೇ ಉಳಿಯಿತು. ಅಲ್ಲಿ ಕೊಳ್ಳಲು ಡಾಕ್ಟರ ಚೀಟಿಯೂ ಇರಲಿಲ್ಲ. ವಾಪಸ್ ಬರುವ ಹೊತ್ತಿಗೆ ಬೆರಳುಗಳು ಎಣ್ಣೆ ಹಾಕಿದ ಹಾಗೆ ಆಗಿದ್ದವು. ಬಸ್ಸಿನಲ್ಲಿ ಕೂತು ಮುಷ್ಟಿ ಕಟ್ಟಿ ಬಿಚ್ಚಿ ನೋಡಿಕೊಳ್ಳುತ್ತಿದ್ದಾಗ ನಿನ್ನ ಅಕ್ಷರ ನೆನಪಾಯಿತು.

ಮನೆಗೆ ಬಂದು ನಿನ್ನ ಕಾಗದಗಳನ್ನು ಪಕ್ಕಪಕ್ಕ ಇಟ್ಟೆ. ಫೆಬ್ರವರಿಯಲ್ಲಿ ಅಕ್ಷರ ದೊಡ್ಡದು. ಮಾರ್ಚಿನಲ್ಲಿ ಸೊಟ್ಟ, ಕೊನೆಯ ಸಾಲುಗಳಂತೂ ಕಾಗೆಯ ಕಾಲು. ನಗುವಿನಿಂದ ಕೈ ನಡುಗಿತು ಅಂತ ಬರೆದೆ, ನಾನೂ ನಂಬಿದೆ. ಜೂನಿನಲ್ಲಿ ಮುತ್ತು ಪೋಣಿಸಿದ ಹಾಗೆ ಇದೆ.

ನೀನು ಮಾತ್ರೆ ನಿಲ್ಲಿಸಿದ್ದೀಯ ಅಲ್ಲವಾ?

ಇದನ್ನು ಬೇರೆ ಯಾರೂ ಕಂಡುಹಿಡಿಯುತ್ತಿರಲಿಲ್ಲ ಅಕ್ಕಾ. ಅದೇ ಮಾತ್ರೆ ನುಂಗುವವನಿಗೆ ಮಾತ್ರ ಗೊತ್ತಾಗುತ್ತದೆ. ಒಂದು ದಿನವೂ ತಪ್ಪಿಸಬಾರದು ಅಂತ ನನಗೆ ಬುದ್ಧಿ ಹೇಳಿದವಳು ನೀನು!

ನಾನು ನಿಲ್ಲಿಸಿದರೆ ಆಗುವುದೇನು? ಸುಸ್ತಾಗುತ್ತದೆ, ಮಗುವಿನ ಆಸೆ ಇನ್ನಷ್ಟು ದೂರ ಹೋಗುತ್ತದೆ. ಅಷ್ಟೇ. ನೀನು ನಿಲ್ಲಿಸಿದರೆ ಆಗುವುದು ಬೇರೆ. ಅದನ್ನು ಬರೆಯಲು ನನಗೆ ಧೈರ್ಯವಿಲ್ಲ. ಅಮ್ಮ ಹೋದಾಗ ನನಗೆ ಒಂಬತ್ತು ವರ್ಷ. ನೀನಿದ್ದೆ. ಈಗ ನನಗೆ ಮೂವತ್ತೆಂಟು. ನೀನಿಲ್ಲದೆ ಹೇಗಿರುವುದು ಅಂತ ಇನ್ನೂ ಕಲಿತಿಲ್ಲ.

ಫೋನು ಎತ್ತುತ್ತಿಲ್ಲ ನೀನು. ಇವಳು ನನ್ನ ಭುಜದ ಮೇಲಿಂದ ಇದನ್ನು ಓದುತ್ತಿದ್ದಾಳೆ. ‘ಸಾಕು, ಬರೀಬೇಡ’ ಅನ್ನುತ್ತಿದ್ದಾಳೆ. ಯಾಕೋ ಗೊತ್ತಿಲ್ಲ.

ಕಪ್ಪೆ


ಆಗಸ್ಟ್ ೧೧

ಕಪ್ಪೆ,

ಯಾಕೆ ಅಂತ ಈಗ ನಿನಗೆ ಗೊತ್ತು. ನಿನ್ನ ಕಾಗದಕ್ಕಿಂತ ಮೊದಲೇ ಅವಳು ಬಂದು ನನ್ನ ಬಾಗಿಲು ತಟ್ಟಿದಳು. ಒಂದು ಚೀಲ, ಒಂದು ಛತ್ರಿ. ‘ಅಕ್ಕ, ಕೈ ತೋರ್ಸಿ’ ಅಂದಳು, ನಮಸ್ಕಾರವಿಲ್ಲ, ಏನಿಲ್ಲ. ನನ್ನ ಎರಡೂ ಕೈ ಹಿಡಿದು ಬೆರಳುಗಳನ್ನು ಒತ್ತಿ ನೋಡಿದಳು, ಬೆಲೆಬಾಳುವ ಗಾಜು ಹಿಡಿದ ಹಾಗೆ.

ಏಪ್ರಿಲಿನಿಂದ ನಿಲ್ಲಿಸಿದ್ದೆ. ಯಾಕೆ ಅಂದರೆ, ಮಾರ್ಚಿನಲ್ಲಿ ಒಬ್ಬ ಹಾಡುಗಾರ್ತಿಯ ಕೆಳಗಿನ ಸೆಟ್ಟು ವಾಪಸ್ ಬಂತು. ಹಾಕಿಕೊಂಡು ಹಾಡಿದರೆ ನಡುವೆ ಸಿಳ್ಳೆ ಬರುತ್ತದಂತೆ. ಇಪ್ಪತ್ತೆಂಟು ವರ್ಷದಲ್ಲಿ ನನ್ನ ಕೆಲಸ ವಾಪಸ್ ಬಂದದ್ದು ಅದೇ ಮೊದಲು. ಕೆತ್ತುವ ಚಾಕು ಬೆರಳಲ್ಲಿ ನಿಲ್ಲುತ್ತಿರಲಿಲ್ಲ. ಒಂದು ಕಡೆಯದನ್ನು ಕಳೆದುಕೊಂಡೆ, ತಡೆದುಕೊಂಡೆ. ಕೈಯನ್ನೂ ಕಳೆದುಕೊಂಡರೆ ನಾನು ಅಂತ ಉಳಿಯುವುದೇನು? ಸ್ವಲ್ಪ ದಿನ ಬಿಟ್ಟು ನೋಡೋಣ ಅಂದುಕೊಂಡೆ. ನೋವು ಹೋಯಿತು. ಎಷ್ಟು ಸುಖವಾಗಿತ್ತು ಅಂದರೆ, ನಾಳೆಯಿಂದ ಶುರುಮಾಡೋಣ ಅಂತ ದಿನಾ ಅಂದುಕೊಂಡೆ. ನಿನಗೆ ಹೇಳಿದ್ದರೆ ನೀನು ನಿನ್ನ ಮಾತ್ರೆಯನ್ನೂ ಹೆದರಿ ಬಿಡುತ್ತೀಯ ಅನಿಸಿತು. ಅದು ನೆಪವೂ ಇರಬಹುದು.

ಮರುದಿನ ಅವಳೇ ನನ್ನನ್ನು ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದಳು. ಡಾಕ್ಟರಮ್ಮ ಬೈದರು, ಆಮೇಲೆ ಬೇಜಾರಿನಿಂದ ಹೇಳಿದರು: ‘ನೋವು ಅಂತ ಒಂದು ಮಾತು ಹೇಳಿದ್ರೆ ಅವತ್ತೇ ಬದಲಾಯಿಸ್ತಿದ್ದೆ. ಇದೇ ಗುಂಪಿನಲ್ಲಿ ಬೇರೆ ಮಾತ್ರೆ ಇದೆ. ಒಬ್ಬರಿಗೆ ಇದು ಆಗಲ್ಲ, ಒಬ್ಬರಿಗೆ ಅದು ಆಗಲ್ಲ. ಯಾಕಮ್ಮಾ ಒಬ್ಬರೇ ತೀರ್ಮಾನ ಮಾಡ್ತೀರಿ?’ ಎಲ್ಲ ಪರೀಕ್ಷೆಗಳೂ ಆದವು. ಫಲಿತಾಂಶ ಬರುವವರೆಗೆ ಅವಳು ಅಂಗಡಿಗೆ ರಜೆ ಹೇಳಿ ಇಲ್ಲೇ ಇದ್ದಳು. ಅದನ್ನೂ ನಿನಗೆ ಹೇಳಬೇಡ ಅಂದಿದ್ದೆ, ಸುಮ್ಮನೆ ‘ಅಕ್ಕನ ಜೊತೆ ಇನ್ನೊಂದು ನಾಲ್ಕು ದಿನ’ ಅಂತಲೇ ಹೇಳುತ್ತಾ ಬಂದಳಂತೆ.

ಫಲಿತಾಂಶ ನಿನ್ನೆ ಬಂತು. ಎಲ್ಲೂ ಏನೂ ಇಲ್ಲ. ಶುಭ್ರ. ಹೊಸ ಮಾತ್ರೆ ಶುರುಮಾಡಿ ಮೂರು ವಾರವಾಯಿತು, ನೋವು ಇದೆ, ಆದರೆ ಚಾಕು ನಿಲ್ಲುತ್ತದೆ.

ಒಂದು ಮಾತು ನಿನಗೆ ಹೇಳಬೇಕು. ಮೊದಲ ದಿನ ಸ್ನಾನ ಮುಗಿಸಿ ಬಂದಾಗ, ಬಾಗಿಲು ಸರಿಯಾಗಿ ಮುಚ್ಚಿಕೊಳ್ಳದೆ ಅವಳ ಕಣ್ಣಿಗೆ ನನ್ನ ಎದೆ ಬಿತ್ತು. ನಾಲ್ಕು ವರ್ಷದಲ್ಲಿ ಡಾಕ್ಟರಲ್ಲದೆ ಬೇರೆ ಯಾರೂ ನೋಡಿರಲಿಲ್ಲ. ನಾನು ಟವೆಲಿಗೆ ಕೈ ಹಾಕಿದೆ. ಅವಳು ಕಣ್ಣು ತಿರುಗಿಸಲಿಲ್ಲ, ಗಾಬರಿಯೂ ಆಗಲಿಲ್ಲ. ‘ಹೊಲಿಗೆ ಎಷ್ಟು ನೀಟಾಗಿ ಹಾಕಿದ್ದಾರೆ ಅಕ್ಕ’ ಅಂದು, ಬಾಚಣಿಗೆ ತಂದು ನನ್ನ ತಲೆ ಬಾಚಿದಳು. ಅಮ್ಮ ಹೋದಮೇಲೆ ನನ್ನ ತಲೆ ಬಾಚಿದವರು ಯಾರೂ ಇಲ್ಲ ಕಪ್ಪೆ. ನಾನೇ ಎಲ್ಲರ ತಲೆ ಬಾಚುತ್ತಿದ್ದೆ.

ನಾಳೆ ಬೆಳಗಿನ ಬಸ್ಸಿಗೆ ಹೊರಡುತ್ತಾಳೆ. ಈ ಕಾಗದ ಅವಳ ಕೈಯಲ್ಲೇ ಕಳಿಸುತ್ತೇನೆ. ನಿಲ್ದಾಣಕ್ಕೆ ಹೋಗು.

ಅಕ್ಕ


ಜನವರಿ ೨೩

ಅಕ್ಕಾ,

ಎರಡು ಸುದ್ದಿ ಇವೆ. ಫೋನಿನಲ್ಲಿ ಹೇಳಲಾಗಲಿಲ್ಲ.

ಒಂದು, ಡಾಕ್ಟರು ನನ್ನ ಮಾತ್ರೆ ನಿಲ್ಲಿಸಿದರು. ಮೂಳೆ ಪರೀಕ್ಷೆಯಲ್ಲಿ ಬೆನ್ನಿನ ಹತ್ತಿರ ಸ್ವಲ್ಪ ತೆಳ್ಳಗಾಗಿದೆಯಂತೆ. ‘ನಮಗೆ ಬೇಕಾಗಿದ್ದು ಸಿಕ್ಕಿದೆ, ಇನ್ನು ಮುಂದುವರಿಸಿದರೆ ಲಾಭಕ್ಕಿಂತ ನಷ್ಟ ಹೆಚ್ಚು’ ಅಂದರು. ಸಿಕ್ಕಿದ್ದೇನೆಂದರೆ, ಸೊನ್ನೆ ಇದ್ದದ್ದು ಈಗ ಸೊನ್ನೆಯಲ್ಲ. ಹೆಚ್ಚಿಲ್ಲ, ತಾನಾಗಿಯೇ ಮಗುವಾಗುವುದು ಕಷ್ಟ, ಆದರೆ ಪ್ರಯೋಗಾಲಯದ ಸಹಾಯದಿಂದ ಸಾಧ್ಯ ಅಂದರು. ಹೊಟ್ಟೆ ಕರಗಿದೆ, ಎದೆಯ ಊತ ಮುಕ್ಕಾಲು ಇಳಿದಿದೆ. ಅಂಗಿ ತೆಗೆದು ನೀರಿಗೆ ಇಳಿಯಲು ಶುರುಮಾಡಿ ತಿಂಗಳುಗಳೇ ಆದವು. ಒಬ್ಬ ಮುದುಕ ದಿಟ್ಟಿಸಿ ನೋಡಿ, ‘ನನ್ನದು ಇನ್ನೂ ದೊಡ್ಡದು ನೋಡಪ್ಪಾ’ ಅಂತ ತನ್ನ ಎದೆ ತೋರಿಸಿದ. ಅಲ್ಲಿಗೆ ಮುಗಿಯಿತು.

ಇನ್ನೊಂದು, ಆ ಸಹಾಯವನ್ನು ಒಂದು ಸಲ ಪಡೆದೆವು. ನಿನಗೆ ಹೇಳಿರಲಿಲ್ಲ. ಆಸೆ ಹುಟ್ಟಿಸಿ ಆಮೇಲೆ ನೋಯಿಸಬಾರದು ಅಂತ ಇವಳು ಅಂದಳು. ಫಲಿಸಲಿಲ್ಲ. ಕಳೆದ ಮಂಗಳವಾರ ಗೊತ್ತಾಯಿತು.

ಆಸ್ಪತ್ರೆಯಿಂದ ನಡೆದೇ ಬಂದೆವು. ಮನೆಯ ಬೀಗ ತೆಗೆಯುವಾಗ ಇವಳು, ‘ಸ್ವಲ್ಪ ಹೊತ್ತು ನಂಗೆ ಅಳೋಕೆ ಬಿಡು, ಆದ್ರೆ ನೀನು ಬೇರೆ ಕೋಣೆಗೆ ಹೋಗ್ಬೇಡ’ ಅಂದಳು. ಹೋಗಲಿಲ್ಲ. ಪಕ್ಕದಲ್ಲೇ ಕೂತಿದ್ದೆ. ಆಮೇಲೆ ಇಬ್ಬರಿಗೂ ಹಸಿವಾಯಿತು. ಅನ್ನ ಮಾಡಿ ತಿಂದೆವು.

ಇನ್ನೊಂದು ಸಲ ನೋಡೋಣ ಅಂದುಕೊಂಡಿದ್ದೇವೆ. ಈಗಲೇ ಅಲ್ಲ. ಆಗದಿದ್ದರೂ ಈ ಮನೆಯಲ್ಲಿ ಇಬ್ಬರಿದ್ದೇವೆ. ಹೋದ ವರ್ಷ ಇದೇ ಹೊತ್ತಿಗೆ ಒಬ್ಬೊಬ್ಬರೇ ಇದ್ದೆವು.

ನಿನ್ನ ಕೈ ಹೇಗಿದೆ? ನಿಜ ಬರೆ.

ಕಪ್ಪೆ


ಫೆಬ್ರವರಿ ೨

ಕಪ್ಪೆ,

ನಿಜ ಬರೆಯುತ್ತೇನೆ. ಕೈ ಬೆಳಿಗ್ಗೆ ನೋಯುತ್ತದೆ, ಹತ್ತು ಗಂಟೆಯ ಹೊತ್ತಿಗೆ ಸಡಿಲಾಗುತ್ತದೆ. ಈಗ ನಾನು ಕೆಲಸಕ್ಕೆ ಕೂರುವುದೇ ಹತ್ತಕ್ಕೆ. ಮಾತ್ರೆ ಒಂದು ದಿನವೂ ತಪ್ಪಿಲ್ಲ. ಮೊನ್ನೆ ರಾತ್ರಿ ಮರೆತು ಮಲಗಿದ್ದೆ, ನಿನ್ನ ಹೆಂಡತಿ ಫೋನ್ ಮಾಡಿ ಎಬ್ಬಿಸಿದಳು. ಅವಳಿಗೆ ಹೇಗೆ ಗೊತ್ತಾಗುತ್ತದೋ.

ನಿಮ್ಮ ಮಂಗಳವಾರದ ಸುದ್ದಿ ಓದಿ ಕೆಲಸ ಬದಿಗಿಟ್ಟು ಸುಮ್ಮನೆ ಕೂತೆ. ಸಮಾಧಾನದ ಮಾತು ಹುಡುಕಿದೆ, ಸಿಗಲಿಲ್ಲ. ಸಿಗದಿದ್ದದ್ದೇ ಒಳ್ಳೆಯದು. ನನಗೆ ಜನ ಹೇಳಿದ ಸಮಾಧಾನಗಳಲ್ಲಿ ಒಂದೂ ನೆನಪಿಲ್ಲ, ತಲೆ ಬಾಚಿದ್ದು ಮಾತ್ರ ನೆನಪಿದೆ. ಅದಕ್ಕೇ ಬರುತ್ತಿದ್ದೇನೆ. ಶುಕ್ರವಾರ ಮಧ್ಯಾಹ್ನದ ಬಸ್ಸು. ಹತ್ತು ದಿನ ಇರುತ್ತೇನೆ, ಅಚ್ಚುಗಳೆಲ್ಲ ಕಾಯಲಿ.

ಬಂದಮೇಲೆ ನಿನ್ನಿಂದ ಒಂದು ಕೆಲಸವಾಗಬೇಕು. ಕೀಲುಗಳಿಗೆ ನೀರು ಒಳ್ಳೆಯದು ಅಂತ ಡಾಕ್ಟರಮ್ಮ ಹೇಳುತ್ತಲೇ ಇದ್ದಾರೆ, ನಾನು ಕೇಳಿಯೂ ಕೇಳದ ಹಾಗೆ ಇದ್ದೆ. ನಿನ್ನನ್ನು ಸಾವಿರ ಸಲ ನೀರಿನ ತನಕ ಕರೆದುಕೊಂಡು ಹೋಗಿ ದಡದಲ್ಲಿ ಬಟ್ಟೆ ಕಾಯುತ್ತಾ ಕೂತವಳು ನಾನು. ಒಂದು ಸಲವೂ ಇಳಿದಿಲ್ಲ. ಮೊದಲು ಹೆದರಿಕೆ ಇತ್ತು, ಆಮೇಲೆ ಪುರುಸೊತ್ತಿರಲಿಲ್ಲ, ಆಮೇಲೆ ಈ ಎದೆ. ಐವತ್ತೊಂದು ವರ್ಷದ ಒಂಟಿ ಎದೆಯ ಹೆಂಗಸಿಗೆ ಈಜು ಕಲಿಸುತ್ತೀಯಾ?

ಈಜುಡುಗೆ ಒಂದನ್ನು ತಂದು, ಒಂದು ಕಡೆಯ ಹೊಲಿಗೆ ಬಿಚ್ಚಿ ನನ್ನ ಅಳತೆಗೆ ಸರಿಮಾಡಿಕೊಂಡೆ. ಏನನ್ನೂ ತುಂಬಲಿಲ್ಲ. ಹೇಗಿದ್ದೇನೋ ಹಾಗೆ. ಹಾಕಿಕೊಂಡು ಕನ್ನಡಿಯ ಮುಂದೆ ನಿಂತೆ. ಪರವಾಗಿಲ್ಲ ಕಣೋ, ಚೆನ್ನಾಗಿಯೇ ಕಾಣುತ್ತೇನೆ.

ಮಕ್ಕಳಿಗೆ ಊದುವ ಹಾಗೆ ನನ್ನ ಮೇಲೆ ಸೀಟಿ ಊದಬೇಡ. ಅವಳನ್ನೂ ಕರೆದುಕೊಂಡು ಬಾ. ನೀರು ತಣ್ಣಗಿದ್ದರೆ ಚೀರುತ್ತೇನೆ, ನಗಬಾರದು. ಒಂದು ಕೈ ನೀನು ಹಿಡಿ, ಒಂದು ಕೈ ಅವಳು ಹಿಡಿಯಲಿ. ನಾನು ಹೇಳುವವರೆಗೆ ಬಿಡಬೇಡಿ.

ಅಕ್ಕ